ಅರಿವಳಿಕೆಯಲ್ಲಿರುವ ನಾಯಿಯ ಬಿಪಿ ಕುಸಿದಾಗ: ಆಂಪೂಲ್ ಒಡೆಯುವ ಮೊದಲು ನೋಡಬೇಕಾದ್ದು

ದೋಷ: ಶಸ್ತ್ರಕ್ರಿಯೆಯ ಮೇಜಿನ ಮೇಲಿರುವ ನಾಯಿಯ ಸರಾಸರಿ ರಕ್ತದೊತ್ತಡ (ಬಿಪಿ) ಪಾದರಸದ 60 ಎಂಎಂಗಿಂತ ಕೆಳಗಿದೆ, ಅಥವಾ ಡಾಪ್ಲರ್‌ನಲ್ಲಿ (ರಕ್ತ ಹರಿಯುವ ಸದ್ದು ಕೇಳಿಸುವ ಉಪಕರಣ) ಸಿಸ್ಟಾಲಿಕ್, ಅಂದರೆ ಹೃದಯ ಹಿಂಡಿದಾಗಿನ ಒತ್ತಡ, 90 ಮುಟ್ಟುತ್ತಿಲ್ಲ. ಎರಡು ನಿಮಿಷ ಬಿಟ್ಟು ಮತ್ತೆ ಅಳೆದರೂ ಅಂಕಿ ಮೇಲೇಳುತ್ತಿಲ್ಲ.

ಇದು ಪಶುವೈದ್ಯರಿಗೆ ಮತ್ತು ಪಶುವೈದ್ಯಕೀಯ ಓದುತ್ತಿರುವ ಕೊನೆಯ ವರ್ಷದವರಿಗೆ ಬರೆದದ್ದು. ನಾಯಿ ಸಾಕಿದವರು ಮನೆಯಲ್ಲಿ ಮಾಡಿ ನೋಡುವ ಕೆಲಸವಲ್ಲ. ಬೇರೆ ತೂಕ ಹೇಳದ ಕಡೆಯೆಲ್ಲ ಲೆಕ್ಕ 20 ಕೆಜಿ ನಾಯಿಗೆ.

ಮೊದಲು ಬೇಸಿಕ್ ಲೆಕ್ಕ. ಒತ್ತಡ ಎಂದರೆ ನಿಮಿಷಕ್ಕೆ ಹೃದಯ ಹೊರಹಾಕುವ ರಕ್ತ ಮತ್ತು ಸಣ್ಣ ಧಮನಿಗಳು ಒಡ್ಡುವ ಪ್ರತಿರೋಧ, ಇವೆರಡರ ಗುಣಲಬ್ಧ. ಹೃದಯ ಹೊರಹಾಕುವುದು ಬಡಿತದ ವೇಗ ಗುಣಿಸು ಒಂದೊಂದು ಬಡಿತದ ಪ್ರಮಾಣ. ಅಂದರೆ ಅಂಕಿ ಒಂದೇ, ಅದನ್ನು ಇಳಿಸಬಲ್ಲ ಕಾರಣ ಮೂರು: ಹೃದಯ ನಿಧಾನವಾಗಿದೆ, ಹೃದಯ ಬಡಿಯುತ್ತಿದೆ ಆದರೆ ತುಂಬುತ್ತಿಲ್ಲ ಅಥವಾ ಹಿಂಡುತ್ತಿಲ್ಲ, ಇಲ್ಲವೇ ನಾಳಗಳು ಸಡಿಲಬಿಟ್ಟಿವೆ. ಮೂರಕ್ಕೂ ಔಷಧ ಬೇರೆ ಬೇರೆ. ಒಂದರ ಔಷಧ ಇನ್ನೊಂದಕ್ಕೆ ಕೊಟ್ಟರೆ ಕೆಲವೊಮ್ಮೆ ಉಪಯೋಗವಿಲ್ಲ, ಕೆಲವೊಮ್ಮೆ ನಾಯಿ ಉಳಿಯುವುದಿಲ್ಲ.

ಅಂಕಿ ನಿಜವೇ?

ಅರ್ಧದಷ್ಟು ‘ಬಿಪಿ ಬಿತ್ತು’ ಪ್ರಕರಣಗಳು ಕಫ್ (ಬಿಪಿ ಅಳೆಯಲು ಕಾಲಿಗೆ ಸುತ್ತುವ ಪಟ್ಟಿ) ಸರಿಮಾಡಿದ ಕೂಡಲೇ ಮಾಯವಾಗುತ್ತವೆ ಎಂದರೆ ಉತ್ಪ್ರೇಕ್ಷೆ. ಆದರೂ ಕಫ್ ನೋಡದೆ ಔಷಧಕ್ಕೆ ಕೈಹಾಕಬೇಡಿ. ಕಫ್‌ನ ಅಗಲ ಅದನ್ನು ಸುತ್ತಿದ ಜಾಗದ ಸುತ್ತಳತೆಯ ಶೇ. 40ರಷ್ಟಿರಬೇಕು. ಮುಂಗಾಲಿನ ಸುತ್ತಳತೆ 12 ಸೆಂ.ಮೀ. ಇದ್ದರೆ ಸುಮಾರು 5 ಸೆಂ.ಮೀ. ಅಗಲದ ಕಫ್. ಅಗಲ ಜಾಸ್ತಿಯಾದರೆ ಅಂಕಿ ಕಡಿಮೆ ಬರುತ್ತದೆ, ಕಿರಿದಾದರೆ ಹೆಚ್ಚು. ಎರಡನೆಯದ್ದೇ ಹೆಚ್ಚು ಅಪಾಯ, ಏಕೆಂದರೆ ನಿಜವಾಗಿ ಬಿದ್ದಿರುವ ಬಿಪಿಯನ್ನು ಅದು ಮುಚ್ಚಿಡುತ್ತದೆ.

ಕಫ್ ಹೃದಯದ ಮಟ್ಟದಲ್ಲಿರಲಿ. ಕಾಲನ್ನು ಮೇಲಕ್ಕೆ ಕಟ್ಟಿದ್ದರೆ ಹೃದಯದಿಂದ ಪ್ರತಿ 10 ಸೆಂ.ಮೀ. ಎತ್ತರಕ್ಕೆ 7ರಿಂದ 8 ಎಂಎಂ ಕಡಿಮೆ ತೋರಿಸುತ್ತದೆ. ಅಂಗಾತ ಮಲಗಿಸಿ ಹಿಂಗಾಲು ಎಳೆದು ಕಟ್ಟಿದ ನಾಯಿಯಲ್ಲಿ ಈ ತಪ್ಪು ಸಾಮಾನ್ಯ.

ಮಾನಿಟರ್ ಇಲ್ಲದ ಕಡೆ ತೊಡೆಯ ನಾಡಿ ಹಿಡಿದು ‘ಬಿಪಿ ಚೆನ್ನಾಗಿದೆ’ ಎನ್ನುವ ರೂಢಿಯಿದೆ. ಬೆರಳಿಗೆ ಸಿಗುವುದು ಸಿಸ್ಟಾಲಿಕ್ ಮತ್ತು ಡಯಾಸ್ಟಾಲಿಕ್ (ಹೃದಯ ಸಡಿಲಿದಾಗಿನ ಒತ್ತಡ) ನಡುವಿನ ಅಂತರ ಮಾತ್ರ. 120/80 ಇರುವ ನಾಯಿಯ ನಾಡಿಯೂ 80/40 ಇರುವ ನಾಯಿಯ ನಾಡಿಯೂ ಬೆರಳಿಗೆ ಒಂದೇ ಥರ. ಎರಡನೆಯದರ ಮೂತ್ರಪಿಂಡಕ್ಕೆ ಆಗಲೇ ರಕ್ತ ಸಾಲುತ್ತಿಲ್ಲ. ನಾಡಿ ಹಿಡಿಯಿರಿ, ಅದರ ಜೊತೆಗೆ ಒಸಡು ನೋಡಿ. ಒಸಡು ಬಿಳಿಚಿ ತಣ್ಣಗಿದ್ದು, ಒತ್ತಿ ಬಿಟ್ಟ ಮೇಲೆ ಬಣ್ಣ ಮರಳಲು ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ನಾಳಗಳು ಬಿಗಿದುಕೊಂಡಿವೆ. ಬಿಪಿ ಕಡಿಮೆಯಿದ್ದೂ ಒಸಡು ಗುಲಾಬಿ ಅಥವಾ ಇಟ್ಟಿಗೆ ಕೆಂಪು, ಪಂಜ ಬೆಚ್ಚಗೆ, ಬಣ್ಣ ಒಂದು ಸೆಕೆಂಡಿಗೇ ಮರಳುತ್ತಿದೆ ಎಂದರೆ ನಾಳಗಳು ತೆರೆದುಬಿದ್ದಿವೆ. ಈ ಒಂದು ಗುರುತು ಮುಂದಿನ ಅರ್ಧ ದಾರಿಯನ್ನು ತೀರ್ಮಾನಿಸುತ್ತದೆ.

ಅಂಕಿ ನಿಜವೆಂದಾದರೆ ಮೊದಲ ಕೆಲಸ ಅರಿವಳಿಕೆ ಇಳಿಸುವುದು. ಉಸಿರಿನಲ್ಲಿ ಕೊಡುವ ಅರಿವಳಿಕೆ ಐಸೊಫ್ಲುರೇನ್ ನಾಳಗಳನ್ನು ಸಡಿಲಿಸುತ್ತದೆ, ಪ್ರಮಾಣ ಏರಿದಷ್ಟೂ ಹೆಚ್ಚು. ಜೊತೆಗೆ ಕತ್ತಿನ ಕೆರೋಟಿಡ್ ಸೈನಸ್‌ನಿಂದ ಮಿದುಳಿಗೆ ಹೋಗುವ ‘ಒತ್ತಡ ಇಳಿಯಿತು, ವೇಗ ಹೆಚ್ಚಿಸು’ ಎಂಬ ಸುದ್ದಿಗೆ ಮಿದುಳು ಕೊಡುವ ಉತ್ತರವನ್ನೂ ಮಂಕಾಗಿಸುತ್ತದೆ. ಹಾಗಾಗಿಯೇ ಬಿಪಿ 50ಕ್ಕೆ ಇಳಿದರೂ ಬಡಿತ 90ರಲ್ಲೇ ಆರಾಮಾಗಿ ನಿಂತಿರುತ್ತದೆ. ಅದನ್ನು ಆವಿಯಾಗಿಸುವ ವೇಪೊರೈಸರ್ ಶೇ. 2ರಲ್ಲಿದ್ದರೆ 1.5ಕ್ಕೆ ತನ್ನಿ, ನೋವಿಗೆ ಬೇರೆ ಔಷಧ ಕೊಡಿ, ಐದು ನಿಮಿಷ ಕಾಯಿರಿ. ಬಡಿತ ಸಹಜ, ಒಸಡು ಗುಲಾಬಿ, ಬಿಪಿ ಕಡಿಮೆ ಎಂಬ ಚಿತ್ರಕ್ಕೆ ಬಹುಪಾಲು ಇಷ್ಟೇ ಸಾಕು.

ಹೃದಯ ನಿಧಾನ, ಬಿಪಿಯೂ ಕಡಿಮೆ

20 ಕೆಜಿ ನಾಯಿಯಲ್ಲಿ ನಿಮಿಷಕ್ಕೆ 60ಕ್ಕಿಂತ ಕಡಿಮೆ ಬಡಿತ ಎಂದಿಟ್ಟುಕೊಳ್ಳಿ. ಇಲ್ಲಿ ಮೊದಲ ಆರೋಪಿ ಹೃದಯವನ್ನು ನಿಧಾನಿಸುವ ವೇಗಸ್ ನರ. ಅದರ ತುದಿಯಿಂದ ಅಸಿಟೈಲ್‌ಕೋಲಿನ್ ಹೊರಬಂದು ಹೃದಯದ ಎಂ2 ಗ್ರಾಹಕಕ್ಕೆ (ರಾಸಾಯನಿಕ ಸಂಕೇತ ಹಿಡಿಯುವ ಜಾಗ) ಅಂಟಿದರೆ ಬಡಿತ ಇಳಿಯುತ್ತದೆ. 1921ರಲ್ಲಿ ಆಟೊ ಲೂವಿ ಒಂದು ಕಪ್ಪೆಯ ಹೃದಯದ ವೇಗಸ್ ಕೆಣಕಿ, ಅದರ ಸುತ್ತಲಿನ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿ ಅದೂ ನಿಧಾನವಾಗುವುದನ್ನು ಕಂಡದ್ದು ಇದನ್ನೇ. ಮೇಜಿನ ಮೇಲೆ ವೇಗಸ್ ಕೆರಳುವುದು ಅಂಡಾಶಯ ಎಳೆದಾಗ, ಕಣ್ಣುಗುಡ್ಡೆ ಒತ್ತಿದಾಗ, ಫೆಂಟನಿಲ್‌ನಂಥ ಓಪಿಯಾಯ್ಡ್ ಕೊಟ್ಟಾಗ. ಎಳೆಯುತ್ತಿದ್ದರೆ ಕೈ ಬಿಡಿ. ಅರ್ಧ ನಿಮಿಷದಲ್ಲಿ ಬಡಿತ ಏರಿದರೆ ಕಾರಣ ಸಿಕ್ಕಿತು. ಏರದಿದ್ದರೆ ವೇಗಸ್‌ನ ಹಿಡಿತ ಬಿಡಿಸುವ ಅಟ್ರೊಪಿನ್ ಕೆಜಿಗೆ 0.02ರಿಂದ 0.04 ಮಿ.ಗ್ರಾಂ ರಕ್ತನಾಳಕ್ಕೆ. ನಮ್ಮಲ್ಲಿ ಸಿಗುವ 0.6 ಮಿ.ಗ್ರಾಂ ಆಂಪೂಲ್ 20 ಕೆಜಿ ನಾಯಿಗೆ ಲೆಕ್ಕ ಸರಿಯಾಗಿ ಒಂದು.

ಅಟ್ರೊಪಿನ್ ಕೊಟ್ಟ ಮೊದಲ ನಿಮಿಷದಲ್ಲಿ ಬಡಿತ ಇನ್ನಷ್ಟು ಇಳಿಯಬಹುದು, ಇಸಿಜಿಯಲ್ಲಿ ಒಂದೆರಡು ಬಡಿತ ತಪ್ಪಬಹುದು. ಹೆದರಿ ಅಡ್ರಿನಲಿನ್ ಎಳೆಯಬೇಡಿ. ಪ್ರಮಾಣ ತೀರಾ ಕಡಿಮೆಯಾದಾಗ ಈ ವಿಚಿತ್ರ ಎದ್ದು ಕಾಣುತ್ತದೆ. ಅರ್ಧ ಡೋಸ್ ಕೊಟ್ಟು ‘ನೋಡೋಣ’ ಎನ್ನುವವರಿಗೇ ಇದು ಹೆಚ್ಚು ಎದುರಾಗುತ್ತದೆ. ಮೊಲಕ್ಕೆ ಅಟ್ರೊಪಿನ್ ನೆಚ್ಚುವಂತಿಲ್ಲ, ಬಹಳಷ್ಟು ಮೊಲಗಳ ದೇಹದಲ್ಲಿ ಅದನ್ನು ಒಡೆದುಹಾಕುವ ಕಿಣ್ವವಿದೆ. ಅಲ್ಲಿ ಅದೇ ಕೆಲಸದ ಗ್ಲೈಕೊಪೈರೊಲೇಟ್.

ಅಟ್ರೊಪಿನ್ ಪೂರ್ತಿ ಕೊಟ್ಟೂ ಬಡಿತ ಕದಲದಿದ್ದರೆ ತಪ್ಪು ವೇಗಸ್‌ನದಲ್ಲ. ಥರ್ಮಾಮೀಟರ್ ಹಾಕಿ: ತಣ್ಣಗಾದ ಹೃದಯ ಅಟ್ರೊಪಿನ್ ಮಾತು ಕೇಳುವುದಿಲ್ಲ, ಕಾಯಿಸಿದರೆ ಕೇಳುತ್ತದೆ. ಮೂತ್ರ ಕಟ್ಟಿದ ಗಂಡು ಬೆಕ್ಕು ಅಥವಾ ಎಷ್ಟೋ ದಿನದಿಂದ ವಾಂತಿ ಮಾಡುತ್ತಿದ್ದ ನಾಯಿಯಾಗಿದ್ದರೆ ಪೊಟ್ಯಾಸಿಯಮ್ ಅಳೆಯಿರಿ. ಇಸಿಜಿಯಲ್ಲಿ ಟಿ ಅಲೆ ಗೂಟದಂತೆ ಎದ್ದು ಪಿ ಅಲೆ ಮಾಯವಾಗಿದ್ದರೆ ವರದಿಗೆ ಕಾಯದೆ ಶೇ. 10ರ ಕ್ಯಾಲ್ಸಿಯಂ ಗ್ಲುಕೊನೇಟ್ ಕೆಜಿಗೆ 0.5ರಿಂದ 1 ಮಿ.ಲೀ., ಹತ್ತು ನಿಮಿಷಕ್ಕೆ ಹರಡಿ, ಇಸಿಜಿ ನೋಡುತ್ತಾ.

ಹೃದಯ ನಿಧಾನ, ಬಿಪಿ ಹೆಚ್ಚು

ಇದು ಮಂಪರಿಗೆ ಜೈಲಜೀನ್ ಅಥವಾ ಮೆಡೆಟೊಮಿಡಿನ್ ಕೊಟ್ಟ ನಾಯಿ. ಬಿಪಿ ಹೆಚ್ಚಿರುವಾಗ ಇಲ್ಲಿ ಯಾಕೆ ಬಂತು ಎಂದರೆ, ಬಿಪಿ ಅಳೆಯದೆ ಬರೀ ಬಡಿತ 45 ಎಂದು ನೋಡಿ ಅಟ್ರೊಪಿನ್ ಚುಚ್ಚುವ ತಪ್ಪು ನಡೆಯುವುದು ಇಲ್ಲೇ.

ಈ ಔಷಧಗಳು ಎರಡು ಕಡೆ ಕೆಲಸ ಮಾಡುತ್ತವೆ. ರಕ್ತನಾಳದ ಗೋಡೆಯ ಆಲ್ಫಾ-2 ಗ್ರಾಹಕವನ್ನು ಒತ್ತಿದಾಗ ನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ. ಏರಿದ ಒತ್ತಡ ಕಂಡ ಕೆರೋಟಿಡ್ ಸೈನಸ್ ವೇಗಸ್ ಮೂಲಕ ಹೃದಯವನ್ನು ನಿಧಾನಿಸುತ್ತದೆ. ಈ ನಿಧಾನ ದೋಷವಲ್ಲ, ದೇಹದ ಸರಿಯಾದ ಲೆಕ್ಕಾಚಾರ. ಆಗ ಅಟ್ರೊಪಿನ್ ಕೊಟ್ಟರೆ ಬಿಗಿದ ನಾಳಗಳ ಎದುರು ಹೃದಯ ನಿಮಿಷಕ್ಕೆ 150 ಸಲ ತಳ್ಳಬೇಕಾಗುತ್ತದೆ. ಸಿಸ್ಟಾಲಿಕ್ 200 ದಾಟಬಹುದು, ಲಯ ತಪ್ಪಬಹುದು. ಸ್ವಲ್ಪ ಹೊತ್ತಿನ ಮೇಲೆ ಎರಡನೇ ಹಂತ: ಔಷಧ ಮಿದುಳಿನ ಮತ್ತು ನರದ ತುದಿಯ ಆಲ್ಫಾ-2 ಗ್ರಾಹಕಗಳನ್ನು ಹಿಡಿದು, ನಾಳ ಬಿಗಿಸುವ ನಾರಡ್ರಿನಲಿನ್ ಬಿಡುಗಡೆಯನ್ನೇ ತಡೆಯುತ್ತದೆ. ಆಗ ನಾಳ ಸಡಿಲ, ಬಡಿತ ನಿಧಾನ, ಬಿಪಿ ಕಡಿಮೆ. ಅಟ್ರೊಪಿನ್‌ಗೆ ಅರ್ಥ ಬರುವುದು ಈ ಎರಡನೇ ಹಂತದಲ್ಲಿ, ಅದೂ ಬಿಪಿ ಅಳೆದ ಮೇಲೆ. ಕೊಟ್ಟ ಔಷಧದ ಹೆಸರಿನಷ್ಟೇ, ಕೊಟ್ಟ ಹೊತ್ತೂ ಚಾರ್ಟ್‌ನಲ್ಲಿ ಬರೆದಿರಬೇಕು ಎನ್ನುವುದು ಇದಕ್ಕೇ.

ಹಸುವಿನಲ್ಲಿ ಜೈಲಜೀನ್ ಲೆಕ್ಕ ಬೇರೆಯೇ. ಕುದುರೆಗೆ ಬೇಕಾದುದರ ಹತ್ತನೇ ಒಂದು ಭಾಗ ಹಸುವನ್ನು ಮಲಗಿಸುತ್ತದೆ. ಸ್ನಾಯುವಿಗೆ ಕೆಜಿಗೆ 0.05ರಿಂದ 0.1 ಮಿ.ಗ್ರಾಂ. ನಾಯಿಯ ಡೋಸ್ ನೆನಪಿನಲ್ಲಿಟ್ಟುಕೊಂಡು ಕರುವಿಗೆ ಸಿರಿಂಜ್ ತುಂಬಿದರೆ ಆಮೇಲೆ ದೋಷ ಹುಡುಕುವ ಕಷ್ಟವೇ ಇರುವುದಿಲ್ಲ.

ಹೃದಯ ವೇಗ, ಬಿಪಿ ಕಡಿಮೆ

ಇಲ್ಲಿ ಹೃದಯ, ನಾಳಗಳನ್ನು ಚುರುಕುಗೊಳಿಸುವ ಸಿಂಪಥೆಟಿಕ್ ನರಗಳು ಎಚ್ಚರವಾಗಿವೆ. ನಾರಡ್ರಿನಲಿನ್ ಹೃದಯದ ಬೀಟಾ-1 ಗ್ರಾಹಕವನ್ನು ಒದೆಯುತ್ತಿದೆ, ಅಡ್ರಿನಲ್ ಗ್ರಂಥಿ ಅಡ್ರಿನಲಿನ್ ಸುರಿಸುತ್ತಿದೆ. ಆದರೂ ಒತ್ತಡ ನಿಲ್ಲುತ್ತಿಲ್ಲ ಎಂದರೆ ತಳ್ಳಲು ರಕ್ತವಿಲ್ಲ, ಇಲ್ಲವೇ ನಾಳಗಳು ಮಾತು ಕೇಳುತ್ತಿಲ್ಲ. ಒಸಡು ಯಾವುದೆಂದು ಹೇಳುತ್ತದೆ.

ಬಿಳಿಚಿದ ಒಸಡು: ರಕ್ತ ಹೋಗಿದೆ. ನಾಯಿಯ ರಕ್ತ ಕೆಜಿಗೆ ಸುಮಾರು 85 ಮಿ.ಲೀ., ಅಂದರೆ ನಮ್ಮ ನಾಯಿಯಲ್ಲಿ 1.7 ಲೀಟರ್. ಕಣ್ಣಂದಾಜು ಸದಾ ಕಡಿಮೆ ಹೇಳುತ್ತದೆ. ಗಾಜ್ ಒಣಗಿದ್ದಾಗಿನ ತೂಕ ಕಳೆದು ತೂಗಿ. ಒಂದು ಗ್ರಾಂಗೆ ಒಂದು ಮಿ.ಲೀ. ಹಿಡಿಯಿರಿ. ರಿಂಗರ್ ಲ್ಯಾಕ್ಟೇಟ್ ಕೆಜಿಗೆ 10 ಮಿ.ಲೀ., ಅಂದರೆ 200 ಮಿ.ಲೀ., 15 ನಿಮಿಷದಲ್ಲಿ. ಬೆಕ್ಕಿಗೆ ಅರ್ಧ ಸಾಕು. 24 ಗೇಜ್‌ನ ಸಣ್ಣ ಕ್ಯಾನುಲಾದಲ್ಲಿ ಈ ವೇಗ ಬರುವುದು ಕಷ್ಟ. ಡ್ರಿಪ್ ಪೂರ್ತಿ ಬಿಟ್ಟಿದ್ದೇವೆ ಎಂದು ನಂಬಿ ಕೂತಿರುತ್ತೀರಿ, ಬಾಟಲಿ ಇಳಿದೇ ಇರುವುದಿಲ್ಲ. 18 ಅಥವಾ 20 ಗೇಜ್ ಹಾಕಿ. ಖಾಲಿ ಹೃದಯಕ್ಕೆ ಹಿಂಡುವ ಬಲ ಹೆಚ್ಚಿಸುವ ಡೋಪಮಿನ್ ಹತ್ತಿಸುವುದು ನೀರಿಲ್ಲದ ಬಾವಿಗೆ ದೊಡ್ಡ ಪಂಪ್ ಇಳಿಸಿದ ಹಾಗೆ.

ಕೆಂಪು ಒಸಡು, ಬೆಚ್ಚಗಿನ ಪಂಜ: ನಾಳಗಳು ತೆರೆದಿವೆ. ಇನ್ಫೆಕ್ಷನ್ ಇರುವ ಗರ್ಭಕೋಶ ತೆಗೆಯುತ್ತಿದ್ದರೆ ನಾಳದ ಒಳಪದರ ಮಿತಿಮೀರಿ ಬಿಡುತ್ತಿರುವ ನೈಟ್ರಿಕ್ ಆಕ್ಸೈಡ್ ಕಾರಣ. ಆಂಟಿಬಯೋಟಿಕ್ ಅಥವಾ ಹಾವಿನ ವಿಷದ ಪ್ರತಿವಿಷ ಚುಚ್ಚಿದ ಕೆಲವೇ ನಿಮಿಷಕ್ಕೆ ಬಿಪಿ ಬಿದ್ದು, ಮುಖ ಊದಿದ್ದರೆ ಅಥವಾ ಇದ್ದಕ್ಕಿದ್ದಂತೆ ವಾಂತಿ ಭೇದಿ ಆಗಿದ್ದರೆ ಅಲರ್ಜಿಯಲ್ಲಿ ಹೊರಬರುವ ಹಿಸ್ಟಮಿನ್ ಕಾರಣ. ನಾಯಿಯಲ್ಲಿ ಈ ಪೆಟ್ಟು ಬೀಳುವುದು ಮುಖ್ಯವಾಗಿ ಯಕೃತ್ತಿಗೆ: ಅಲ್ಲಿನ ಅಭಿಧಮನಿ ಬಿಗಿದು ಹೊಟ್ಟೆಯ ರಕ್ತ ಹೃದಯಕ್ಕೆ ಮರಳದೆ ನಿಲ್ಲುತ್ತದೆ, ಹಾಗಾಗಿ ಒಸಡು ಬೇಗನೆ ಬಿಳಿಚಲೂಬಹುದು. ಅಡ್ರಿನಲಿನ್ ಕೆಜಿಗೆ 0.01 ಮಿ.ಗ್ರಾಂ ತೊಡೆಯ ಸ್ನಾಯುವಿಗೆ, 1 ಮಿ.ಲೀ.ಗೆ 1 ಮಿ.ಗ್ರಾಂ ಇರುವ ಆಂಪೂಲ್‌ನಿಂದ 0.2 ಮಿ.ಲೀ. ಹಿಸ್ಟಮಿನ್ ತುಂಬಿಕೊಂಡಿರುವ ಮಾಸ್ಟ್ ಕೋಶದ ಗಡ್ಡೆಯನ್ನು ಹಿಚುಕಿದಾಗಲೂ ಇದೇ ಹಿಸ್ಟಮಿನ್ ಹೊರಬರುತ್ತದೆ, ಆದ್ದರಿಂದ ಅಂಥ ಗಡ್ಡೆ ತೆಗೆಯುವ ಮೊದಲೇ ಆಂಟಿಹಿಸ್ಟಮಿನ್ ಕೊಟ್ಟಿರಬೇಕು.

ಅಡ್ರಿನಲಿನ್ ಕೊಟ್ಟೆವು, ಬಿಪಿ ಇನ್ನೂ ಬಿತ್ತು

ಇದೊಂದನ್ನು ನಿಧಾನವಾಗಿ ನೋಡಬೇಕು. ನಾಯಿಗೆ ಮೊದಲು ಮಂಪರಿಗೆ ಟ್ರೈಫ್ಲುಪ್ರೊಮಜೀನ್ ಕೊಟ್ಟು, ಮೇಲೆ ಅರಿವಳಿಕೆಗೆ ಪ್ರೊಪೊಫಾಲ್ ಹಾಕಿದ್ದಾರೆ ಎಂದುಕೊಳ್ಳಿ. ಸರಾಸರಿ ಬಿಪಿ 50, ಬಡಿತ 120, ಒಸಡು ಗುಲಾಬಿ. ಗಾಬರಿಯಲ್ಲಿ ಯಾರೋ ಸ್ವಲ್ಪ ಅಡ್ರಿನಲಿನ್ ರಕ್ತನಾಳಕ್ಕೆ ಬಿಡುತ್ತಾರೆ. ಬಡಿತ 180ಕ್ಕೆ ಜಿಗಿಯುತ್ತದೆ, ಬಿಪಿ 40ಕ್ಕೆ ಇಳಿಯುತ್ತದೆ. ಆಂಪೂಲ್ ಹಳೆಯದು ಎಂದು ಇನ್ನೊಂದು ಒಡೆಯುತ್ತಾರೆ. ಆಂಪೂಲ್ ಸರಿಯಾಗೇ ಇದೆ.

ಅಡ್ರಿನಲಿನ್ ಒಂದೇ ಆದರೂ ನಾಳದ ಮೇಲೆ ಅದಕ್ಕೆ ಬಾಗಿಲು ಎರಡು. ಆಲ್ಫಾ-1 ಬಾಗಿಲಿಂದ ಹೋದರೆ ನಾಳ ಬಿಗಿಯುತ್ತದೆ. ಸ್ನಾಯುಗಳಿಗೆ ಹೋಗುವ ನಾಳಗಳಲ್ಲಿರುವ ಬೀಟಾ-2 ಬಾಗಿಲಿಂದ ಹೋದರೆ ಸಡಿಲುತ್ತದೆ. ಎರಡೂ ತೆರೆದಿದ್ದಾಗ ಹೆಚ್ಚು ಪ್ರಮಾಣದಲ್ಲಿ ಆಲ್ಫಾ ಗೆಲ್ಲುತ್ತದೆ. ಟ್ರೈಫ್ಲುಪ್ರೊಮಜೀನ್, ಕ್ಲೋರ್‌ಪ್ರೊಮಜೀನ್, ಅಸಿಪ್ರೊಮಜೀನ್ ಈ ಮೂರೂ ಆಲ್ಫಾ-1ಕ್ಕೆ ಬೀಗ ಹಾಕುತ್ತವೆ. ಆಮೇಲೆ ಕೊಟ್ಟ ಅಡ್ರಿನಲಿನ್‌ಗೆ ಉಳಿಯುವುದು ಬೀಟಾ-2 ಮಾತ್ರ. 1906ರಲ್ಲಿ ಹೆನ್ರಿ ಡೇಲ್ ಎರ್ಗಾಟ್ (ಧಾನ್ಯಕ್ಕೆ ಹಿಡಿಯುವ ಶಿಲೀಂಧ್ರದ ಸಾರ) ಕೊಟ್ಟ ಪ್ರಾಣಿಗಳಲ್ಲಿ ಅಡ್ರಿನಲಿನ್ ಬಿಪಿ ಏರಿಸುವ ಬದಲು ಇಳಿಸುವುದನ್ನು ವರದಿ ಮಾಡಿದ್ದರು. ಓದುವಾಗ ಪರೀಕ್ಷೆಗೆಂದು ಉರು ಹೊಡೆದ ಆ ಗ್ರಾಫ್ ಮೇಜಿನ ಮೇಲೆ ನಿಜವಾಗುವುದು ಹೀಗೆ.

ಪರಿಹಾರ: ಅಡ್ರಿನಲಿನ್ ನಿಲ್ಲಿಸಿ, ಡ್ರಿಪ್ ಬಿಡಿ, ಬೀಟಾ-2 ಮೇಲೆ ಹೆಚ್ಚು ಹಿಡಿತವಿಲ್ಲದ ನಾರಡ್ರಿನಲಿನ್ ಶುರುಮಾಡಿ. ಆಲ್ಫಾ-1 ಬೀಗಕ್ಕೆ ಪೈಪೋಟಿ ಕೊಟ್ಟು ಅದು ದಾರಿ ಮಾಡಿಕೊಳ್ಳುತ್ತದೆ. 250 ಮಿ.ಲೀ. ಶೇ. 5ರ ಡೆಕ್ಸ್‌ಟ್ರೋಸ್‌ಗೆ 1 ಮಿ.ಗ್ರಾಂ ನಾರಡ್ರಿನಲಿನ್ ಬೆರೆಸಿದರೆ ಮಿ.ಲೀ.ಗೆ 4 ಮೈಕ್ರೊಗ್ರಾಂ. ಕೆಜಿಗೆ ನಿಮಿಷಕ್ಕೆ 0.1 ಮೈಕ್ರೊಗ್ರಾಂ ಎಂದರೆ ನಮ್ಮ ನಾಯಿಗೆ ನಿಮಿಷಕ್ಕೆ 2 ಮೈಕ್ರೊಗ್ರಾಂ, ಅರ್ಧ ಮಿ.ಲೀ.; 60 ಹನಿಗೆ ಒಂದು ಮಿ.ಲೀ. ಬೀಳುವ ಮೈಕ್ರೊ ಸೆಟ್‌ನಲ್ಲಿ 30 ಹನಿ. ಲೇಬಲ್ ಓದುವಾಗ ಎಚ್ಚರ: 2 ಮಿ.ಗ್ರಾಂ ಬೈಟಾರ್ಟರೇಟ್‌ನಲ್ಲಿ ಅಸಲಿ ನಾರಡ್ರಿನಲಿನ್ 1 ಮಿ.ಗ್ರಾಂ ಮಾತ್ರ. ಇದನ್ನು ಗಮನಿಸದಿದ್ದರೆ ಲೆಕ್ಕ ನೇರ ಎರಡು ಪಟ್ಟು ತಪ್ಪುತ್ತದೆ. ಸೂಜಿ ನಾಳದಿಂದ ಹೊರಗಿದ್ದರೆ ಚರ್ಮ ಕೊಳೆಯುತ್ತದೆ, ಆದ್ದರಿಂದ ಮೊದಲು ಸಲೈನ್ ಬಿಟ್ಟು ಊದುತ್ತಿದೆಯೇ ನೋಡಿ.

ನಾಳ ಸರಿಯಿದೆ, ರಕ್ತ ತುಂಬಿದೆ, ಹೃದಯದ ಹಿಂಡುವ ಬಲವೇ ಕಡಿಮೆ ಎನ್ನಿಸಿದರೆ ಡೋಪಮಿನ್ ಅಥವಾ ಡೊಬ್ಯುಟಮಿನ್. ಡೋಪಮಿನ್ 200 ಮಿ.ಗ್ರಾಂ ಆಂಪೂಲ್ 500 ಮಿ.ಲೀ.ಗೆ ಹಾಕಿದರೆ ಮಿ.ಲೀ.ಗೆ 400 ಮೈಕ್ರೊಗ್ರಾಂ. ಕೆಜಿಗೆ ನಿಮಿಷಕ್ಕೆ 5 ಮೈಕ್ರೊಗ್ರಾಂ ಬೇಕೆಂದರೆ ಅದೇ ಮೈಕ್ರೊ ಸೆಟ್‌ನಲ್ಲಿ ನಿಮಿಷಕ್ಕೆ 15 ಹನಿ. 10ರ ಆಚೆ ಹೋದಂತೆ ಅದು ಹೃದಯಕ್ಕಿಂತ ನಾಳ ಬಿಗಿಸುವ ಕಡೆ ವಾಲುತ್ತದೆ.

ಏನು ಕೊಟ್ಟರೂ ಏರುತ್ತಿಲ್ಲ

ಡ್ರಿಪ್ ಆಗಿದೆ, ಅರಿವಳಿಕೆ ಇಳಿಸಿದೆ, ನಾರಡ್ರಿನಲಿನ್ ಏರಿಸಿದೆ, ಆದರೂ 55. ಈಗ ಮಾಲೀಕರನ್ನು ಕರೆದು ಎರಡು ಪ್ರಶ್ನೆ ಕೇಳಿ.

ಒಂದು: ಹೃದಯಕ್ಕೋ ಮೂತ್ರಪಿಂಡಕ್ಕೋ ದಿನವೂ ಮಾತ್ರೆ ಕೊಡುತ್ತಿದ್ದೀರಾ? ಅಂಥ ಮಾತ್ರೆಯಾದ ಎನಲಾಪ್ರಿಲ್ ತಿನ್ನುವ ನಾಯಿಯಲ್ಲಿ, ನಾಳ ಬಿಗಿಸುವ ಆಂಜಿಯೊಟೆನ್ಸಿನ್-2 ತಯಾರಾಗುವ ದಾರಿ ಮುಚ್ಚಿರುತ್ತದೆ. ರಕ್ತದೊತ್ತಡ ಬಿದ್ದಾಗ ಮೂತ್ರಪಿಂಡ ರೆನಿನ್ ಬಿಡುತ್ತದೆ, ಮುಂದಿನ ಕೊಂಡಿ ಇಲ್ಲ. ಉಳಿದದ್ದು ಸಿಂಪಥೆಟಿಕ್ ನರ ಮತ್ತು ವಾಸೊಪ್ರೆಸ್ಸಿನ್. ಮೊದಲನೆಯದನ್ನು ಅರಿವಳಿಕೆ ಮಂಕಾಗಿಸಿದೆ. ಶಸ್ತ್ರಕ್ರಿಯೆಯ ಬೆಳಗಿನ ಎನಲಾಪ್ರಿಲ್ ತಪ್ಪಿಸಲು ಮೊದಲೇ ಹೇಳಿರಬೇಕಿತ್ತು.

ಎರಡು: ಕಜ್ಜಿ ತುರಿಕೆಗೆ ಪ್ರೆಡ್ನಿಸೊಲೋನ್ ಕೊಡುತ್ತಿದ್ದಿರಾ, ಯಾವಾಗ ನಿಲ್ಲಿಸಿದಿರಿ? ‘ಆಪರೇಷನ್ ಇದೆಯಲ್ಲ ಅಂತ ಹೋದ ವಾರ ನಿಲ್ಲಿಸಿದ್ವಿ ಸರ್’ ಎಂಬ ಉತ್ತರ ಬಂದರೆ ದೋಷ ಕೈಗೆ ಸಿಕ್ಕಿತು. ತಿಂಗಳುಗಟ್ಟಲೆ ಹೊರಗಿನಿಂದ ಸ್ಟೆರಾಯ್ಡ್ ಬಂದಾಗ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಮಾಡುವುದನ್ನು ಮರೆತಿರುತ್ತದೆ. ಕಾರ್ಟಿಸಾಲ್ ತಾನಾಗಿ ನಾಳ ಬಿಗಿಸುವುದು ಅಲ್ಪ, ಆದರೆ ಅದಿಲ್ಲದಿದ್ದರೆ ನಾರಡ್ರಿನಲಿನ್ ಎಷ್ಟು ಕೂಗಿದರೂ ನಾಳ ಕಿವಿಗೊಡುವುದಿಲ್ಲ. ಇಲ್ಲಿ ಸೋಡಿಯಂ, ಪೊಟ್ಯಾಸಿಯಮ್ ಎರಡೂ ಸಹಜ ಇರುತ್ತವೆ, ಏಕೆಂದರೆ ಇವೆರಡನ್ನು ಹದದಲ್ಲಿಡುವ ಹಾರ್ಮೋನ್ ಆಲ್ಡೊಸ್ಟಿರೋನ್ ಹೆಚ್ಚಾಗಿ ಆಂಜಿಯೊಟೆನ್ಸಿನ್ ಮತ್ತು ಪೊಟ್ಯಾಸಿಯಮ್ ಮಾತು ಕೇಳುತ್ತದೆಯೇ ಹೊರತು ಪಿಟ್ಯುಟರಿಯದನ್ನಲ್ಲ. ಅಡ್ರಿನಲ್ ಗ್ರಂಥಿಯೇ ಕೆಟ್ಟಿರುವ ಅಸಲಿ ಅಡಿಸನ್ ಕಾಯಿಲೆಯಲ್ಲಿ ಆಲ್ಡೊಸ್ಟಿರೋನೂ ಇಲ್ಲ: ಸೋಡಿಯಂ ಇಳಿದು ಪೊಟ್ಯಾಸಿಯಮ್ ಏರಿ ಇವುಗಳ ಅನುಪಾತ 27ಕ್ಕಿಂತ ಕೆಳಗೆ ಬರುತ್ತದೆ, ಆಘಾತದಲ್ಲಿರುವ ನಾಯಿಯ ಬಡಿತ ವೇಗವಾಗುವ ಬದಲು ನಿಧಾನವಾಗಿರುತ್ತದೆ. ಈ ಬೇಡದ ಜೋಡಿ ಕಂಡರೆ ಅನುಮಾನಿಸಿ.

ಎರಡಕ್ಕೂ ಡೆಕ್ಸಾಮೆಥಸೋನ್ ಕೆಜಿಗೆ 0.2 ಮಿ.ಗ್ರಾಂ ಆಸುಪಾಸು ರಕ್ತನಾಳಕ್ಕೆ. ಅಡಿಸನ್ ಅನುಮಾನವಿದ್ದಲ್ಲಿ ಹೈಡ್ರೊಕಾರ್ಟಿಸೋನ್ ಅಥವಾ ಪ್ರೆಡ್ನಿಸೊಲೋನ್ ಆಮೇಲಿನ ಎಸಿಟಿಎಚ್ ಪರೀಕ್ಷೆಯ (ಅಡ್ರಿನಲ್ ಕಾರ್ಟಿಸಾಲ್ ಮಾಡಬಲ್ಲದೇ ಎಂದು ನೋಡುವುದು) ಕಾರ್ಟಿಸಾಲ್ ಅಂಕಿಯನ್ನು ಕೆಡಿಸುತ್ತದೆ, ಡೆಕ್ಸಾಮೆಥಸೋನ್ ಅಳತೆಯಲ್ಲಿ ಬೆರೆಯುವುದಿಲ್ಲ. ಡ್ರಿಪ್ ಸಲೈನ್ ಇರಲಿ.

ಕೊಟ್ಟಿಗೆಯಲ್ಲಿ ಇದೇ ದೋಷ

ಕರು ಹಾಕಿ ಒಂದೆರಡು ದಿನದ ಹಸು ತಲೆ ಪಕ್ಕೆಗೆ ತಿರುಗಿಸಿ ಮಲಗಿದೆ, ಕಿವಿ ತಣ್ಣಗೆ, ನಾಡಿ ಸಿಗದಷ್ಟು ಕ್ಷೀಣ, ಬಡಿತ 90. ಹಾಲು ಜ್ವರ, ಹೆಸರಿನಲ್ಲಿ ಜ್ವರ, ಮೈ ಮಾತ್ರ ತಣ್ಣಗೆ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಹೊರಬರಲೂ, ಹೃದಯದ ಸ್ನಾಯು ಹಿಂಡಲೂ, ನಾಳ ಬಿಗಿಯಲೂ ಕ್ಯಾಲ್ಸಿಯಂ ಬೇಕು, ಅದೇ ಕೆಚ್ಚಲಿಗೆ ಹರಿದುಹೋಗಿದೆ. ಇಲ್ಲಿ ಅಡ್ರಿನಲಿನ್‌ಗೆ ಕೆಲಸವಿಲ್ಲ. ಕ್ಯಾಲ್ಸಿಯಂ ಬೊರೊಗ್ಲುಕೊನೇಟ್ 450 ಮಿ.ಲೀ. ಬಾಟಲಿಯನ್ನು ಮೈ ಬಿಸಿಯಷ್ಟು ಬೆಚ್ಚಗೆ ಮಾಡಿ ಕತ್ತಿನ ನಾಳಕ್ಕೆ 15 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಬಿಡಿ. ಸ್ಟೆತಸ್ಕೋಪ್ ಎದೆಯಿಂದ ತೆಗೆಯಬೇಡಿ. ಬಡಿತ ತಪ್ಪಲು ಶುರುವಾದರೆ ನಿಲ್ಲಿಸಿ, ಲಯ ಮರಳಿದ ಮೇಲೆ ಇನ್ನೂ ನಿಧಾನ. ಬಾಟಲಿ ಎತ್ತರಕ್ಕೆ ಹಿಡಿದಷ್ಟೂ ಬೇಗ ಇಳಿಯುತ್ತದೆ, ಹೊರಗೆ ಕಾಯುತ್ತಿರುವವರ ಅವಸರಕ್ಕೆ ಕೈ ಮೇಲೇರದಿರಲಿ.

ಏರಿದ ಮೇಲೆ

ಬಿಪಿ 70ಕ್ಕೆ ಬಂದು 20 ನಿಮಿಷ ನಿಂತರೆ ನಾರಡ್ರಿನಲಿನ್ ಹನಿಯನ್ನು ಅರ್ಧಕ್ಕೆ ಇಳಿಸಿ ಹತ್ತು ನಿಮಿಷ ನೋಡಿ, ಮತ್ತೆ ಅರ್ಧ. ರಕ್ತದಲ್ಲಿ ಅದರ ಆಯಸ್ಸು ಎರಡು ಮೂರು ನಿಮಿಷ ಮಾತ್ರ, ಒಮ್ಮೆಲೇ ಮುಚ್ಚಿದರೆ ಬಿಪಿಯೂ ಅಷ್ಟೇ ಬೇಗ ಇಳಿಯುತ್ತದೆ. ಜೈಲಜೀನ್ ಇಳಿಸಲು ಯೊಹಿಂಬಿನ್ ಕೊಡುವುದಿದ್ದರೆ ಕೆಜಿಗೆ 0.1 ಮಿ.ಗ್ರಾಂ, ರಕ್ತನಾಳಕ್ಕೆ ಬಹಳ ನಿಧಾನ. ಅವಸರದಲ್ಲಿ ತಳ್ಳಿದರೆ ನಾಳಗಳು ಒಟ್ಟಿಗೇ ಸಡಿಲಿ, ನಾಯಿ ಎದ್ದು ನಿಂತ ಕೂಡಲೇ ಕಾಲು ಮಡಚಿ ಬೀಳುತ್ತದೆ. ಮೂತ್ರ ಗಂಟೆಗೆ ಕೆಜಿಗೆ 1 ಮಿ.ಲೀ. ಬರುತ್ತಿದೆಯೇ ಎಂದು ಸಂಜೆಯವರೆಗೆ ಅಳೆಯಿರಿ.